ಕದಲದಿರುವುದನ್ನು ಕಲಿಸಿದ ಚಳಿಗಾಲ

ಕಳೆದ ತಿಂಗಳು ಮಗಳನ್ನು ನೋಡಲು ಮತ್ತೆ ದೋಹಾಕ್ಕೆ ಹೋಗಿದ್ದೆ. ಅವಳ ಮನೆ ಐನ್ ಖಾಲಿದ್‌ನಲ್ಲಿ. ಅಡುಗೆಮನೆಗೆ ಒಂದು ಶೆಲ್ಫ್ ಬೇಕಿತ್ತು. ಅಳತೆ ತೆಗೆದು, ಚೀಟಿಯಲ್ಲಿ ಬರೆದುಕೊಂಡು, ಅವಳ ಜೊತೆ ಬಿನ್ ಒಮ್ರಾನ್‌ನ ಬಡಗಿಯೊಬ್ಬನ ಅಂಗಡಿಗೆ ಹೋದೆ. ಒಳಗೆ ಕಾಲಿಟ್ಟ ಕೂಡಲೇ ಹೊಸದಾಗಿ ಹೆರೆದ ಪೈನ್ ಮರದ ಹೊಟ್ಟಿನ ವಾಸನೆ ಮೂಗಿಗೆ ಬಡಿಯಿತು. ಆ ಊರಿನ ಕುದುರೆ ಲಾಯಗಳಲ್ಲಿ ನೆಲಕ್ಕೆ ಹಾಸುವುದು ಇದೇ ಹೊಟ್ಟನ್ನು. ಬಡಗಿ ಅಳತೆ ಕೇಳಿದ. ಚೀಟಿ ಯಾವ ಜೇಬಿನಲ್ಲಿದೆ ಎಂಬುದೇ ನನಗೆ ಮರೆತುಹೋಗಿತ್ತು. ನನಗೆ ಹಾಗೆಲ್ಲ ಆಗುವುದಿಲ್ಲ. ಮಗಳು ಗಾಬರಿಯಾಗಿ ಸ್ಟೂಲ್ ಎಳೆದಳು.

ಆ ವಾಸನೆಯಲ್ಲಿ ಒಂದು ಇಡೀ ಚಳಿಗಾಲವಿತ್ತು. ಅದರ ಬಗ್ಗೆ ಮಗಳಿಗೆ ಗೊತ್ತಿರುವುದು ಒಂದು ಫೋಟೊ ಮಾತ್ರ. ಬೂದು ಬಣ್ಣದ ಪುಟ್ಟ ಕುದುರೆಯ ಮೇಲೆ ನಾನು ನೆಟ್ಟಗೆ ಕೂತಿದ್ದೇನೆ, ಕೈಯಲ್ಲಿ ಬಹುಮಾನದ ಕಪ್ ಇದೆ. ಅವಳು ಅದನ್ನು ಹಜಾರದ ಗೋಡೆಗೆ ಹಾಕಿದ್ದಾಳೆ. ನಾನು ಆ ಮನೆಯಲ್ಲಿ ಯಾವಾಗಲೂ ಅದಕ್ಕೆ ಬೆನ್ನು ಮಾಡಿಯೇ ಕೂರುತ್ತೇನೆ.

ನಾನು ಕುದುರೆ ಸವಾರಿ ಕಲಿತದ್ದು, ಆಮೇಲೆ ಕಲಿಸಿದ್ದು, ಮೈಸೂರಿನ ಪೊಲೀಸ್ ಕುದುರೆ ದಳದಲ್ಲಿ. ಇಪ್ಪತ್ತೆಂಟು ವರ್ಷದ ಸೇವೆ ಮುಗಿಸಿ, ದೋಹಾ ಪಕ್ಕದ ಅಲ್ ರಯ್ಯಾನ್‌ನ ಒಂದು ಖಾಸಗಿ ಲಾಯಕ್ಕೆ ತರಬೇತುದಾರನಾಗಿ ಸೇರಿದೆ. ಯಜಮಾನರನ್ನು ಎಲ್ಲರೂ ಬು ಸಾಲೆಮ್ ಎನ್ನುತ್ತಿದ್ದರು, ಸಾಲೆಮನ ತಂದೆ ಎಂದು. ಹದಿನೆಂಟು ಕುದುರೆಗಳಿದ್ದವು. ನಾನು ಹೋದ ತಿಂಗಳಲ್ಲೇ ಅಲ್ಲಿಯ ದಿನಚರಿ ಬದಲಾಯಿತು. ನಾಲ್ಕೂವರೆಗೆ ನೀರು, ಐದಕ್ಕೆ ಮೇವು, ಐದೂವರೆಗೆ ಮಾಲೀಸು, ಆರಕ್ಕೆ ಜೀನು. ಪ್ರತಿಯೊಂದಕ್ಕೂ ಒಂದೊಂದು ಸೀಟಿ, ಪ್ರತಿ ಕೆಲಸಕ್ಕೂ ರಿಜಿಸ್ಟರಿನಲ್ಲಿ ಒಂದು ಸಾಲು, ಮಾಡಿದವನ ಹೆಸರು.

"ನಿಮ್ಮ ಸೀಟಿ ಕೇಳಿ ಕೇಳಿ ಐದು ಗಂಟೆಗೆ ನನಗೇ ಹುಲ್ಲು ತಿನ್ನುವ ಅಂತ ಆಗ್ತದೆ ಮಾಸ್ಟ್ರೆ," ಎನ್ನುತ್ತಿದ್ದ ಹಮೀದ್.

ಹಮೀದ್ ಬಂಟ್ವಾಳದ ಕಡೆಯ ಬ್ಯಾರಿ. ನಲವತ್ತೈದರ ಆಸುಪಾಸು. ಆ ಲಾಯಕ್ಕೆ ಮೇವಿನ ಲಾರಿಯ ಡ್ರೈವರ್ ಆಗಿ ಬಂದವನು. ಲಾರಿಯಿಂದ ಇಳಿದು ಕುದುರೆಗಳ ಹತ್ತಿರ ನಿಂತರೆ ಹೋಗಲು ಮನಸ್ಸು ಬರುತ್ತಿರಲಿಲ್ಲವಂತೆ. ಬು ಸಾಲೆಮ್ ಅದನ್ನು ಗಮನಿಸಿ ಅವನನ್ನು ಕುದುರೆಗಳ ಆರೈಕೆಗೆ ಹಾಕಿಕೊಂಡಿದ್ದರು. ನಮ್ಮಿಬ್ಬರ ನಡುವೆ ಕನ್ನಡವಿತ್ತು. ನನ್ನದು ಮೈಸೂರಿನದು, ಅವನದು ಕರಾವಳಿಯದು. "ನೀವು ಬೈದರೂ ಪಾಠ ಓದಿದ ಹಾಗೆ ಕೇಳ್ತದೆ ಮಾರಾಯ್ರೆ," ಎಂದು ನಗುತ್ತಿದ್ದ.

ಆ ವರ್ಷ ಸೆಪ್ಟೆಂಬರ್ ಕೊನೆಯಲ್ಲಿ, ಬಿಸಿಗಾಳಿ ಇನ್ನೂ ನಿಂತಿರದಿದ್ದಾಗ, ಅವಳು ಬಂದಳು. ಅಮೆರಿಕದ ಬಯಲಿನಲ್ಲಿ ಮನುಷ್ಯರ ಕೈಗೆ ಸಿಗದೆ ಹುಟ್ಟಿ ಬೆಳೆದ ಮಸ್ಟಾಂಗ್ ಎಂಬ ಕಾಡುಕುದುರೆ. ಹಿಡಿದಾಗ ಅಲ್ಲಿಯ ಸರ್ಕಾರದವರು ಹಾಕಿದ ಬಿಳಿ ಗುರುತು ಕತ್ತಿನ ಎಡಗಡೆ ಇತ್ತು. ಇಲಿಯ ಬಣ್ಣ, ಬೆನ್ನಿನುದ್ದಕ್ಕೂ ಒಂದು ಕಪ್ಪು ಗೆರೆ, ಗಿಡ್ಡ ಕಾಲು. ನಮ್ಮ ಅರಬ್ಬೀ ಕುದುರೆಗಳ ಸಾಲಿನಲ್ಲಿ ಅವಳು ಮದುವೆ ಮನೆಗೆ ಕೆಲಸದ ಬಟ್ಟೆಯಲ್ಲೇ ಬಂದವಳಂತೆ ಕಾಣುತ್ತಿದ್ದಳು. ಬು ಸಾಲೆಮ್ ಅವಳಿಗೆ ರೀಹ್ ಎಂದು ಹೆಸರಿಟ್ಟರು, ಗಾಳಿ ಎಂದರ್ಥ. ಹಮೀದ್ ಒಂದೇ ದಿನದಲ್ಲಿ ಅದನ್ನು ರೀಹಮ್ಮ ಮಾಡಿದ. ನಾನು ಅವಳಿದ್ದ ಕೋಣೆಯ ಸಂಖ್ಯೆಯಿಂದ ಹದಿನಾಲ್ಕು ಎನ್ನುತ್ತಿದ್ದೆ.

ಸಂಜೆ ಎಲ್ಲರೂ ಕೂಡಿ ಹರಟುವ ಮಜ್ಲಿಸಿನಲ್ಲಿ ಗೆಳೆಯರು ಬು ಸಾಲೆಮರನ್ನು ನೋಡಿ ನಕ್ಕಿದ್ದರಂತೆ. ದುಡ್ಡು ಕೊಟ್ಟು ಕತ್ತೆ ತಂದಿದ್ದೀಯ ಎಂದು. ಫೆಬ್ರವರಿಯಲ್ಲಿ ಒಂದು ಸ್ಪರ್ಧೆಯಿತ್ತು. ಓಟವಲ್ಲ, ಅಂಜದಿರುವುದರ ಪರೀಕ್ಷೆ. ಬಾವುಟ, ಡೋಲು, ಬಲೂನು, ಪ್ಲಾಸ್ಟಿಕ್ ಹಾಳೆಗಳ ನಡುವೆ ಕುದುರೆ ನಡೆಯಬೇಕು. ಕೊನೆಗೆ ಮೈದಾನದ ಮಧ್ಯದಲ್ಲಿ ಹತ್ತು ನಿಮಿಷ ಕದಲದೆ ನಿಲ್ಲಬೇಕು.

"ಉಸ್ತಾದ್, ನಾಲ್ಕು ತಿಂಗಳಿಗೆ ಆಗುತ್ತದಾ?" ಎಂದರು ಬು ಸಾಲೆಮ್.

ಗುಂಪು ಗಲಾಟೆಯ ನಡುವೆ ನಿಲ್ಲುವ ಕುದುರೆಗಳನ್ನು ತಯಾರು ಮಾಡುವುದೇ ನನ್ನ ಇಪ್ಪತ್ತೆಂಟು ವರ್ಷದ ಕಸುಬಾಗಿತ್ತು. "ಆಗುತ್ತದೆ," ಎಂದೆ. ನಾನು ಕೊಟ್ಟ ಮಾತು ಅದು. ಅಲ್ಲಿಂದ ಮುಂದೆ ಅವಳ ದಿನಗಳೆಲ್ಲ ಆ ಮಾತಿಗೆ ಮೀಸಲಾದವು.

ಮೊದಲ ತಿಂಗಳು ಅವಳ ಮೈಯೆಲ್ಲ ಮಾತು. ಬಾಗಿಲ ಹತ್ತಿರ ಬೆಕ್ಕು ಹಾದರೆ ಒಂದು ಕಿವಿ ಅತ್ತ, ನನ್ನ ಬೂಟಿನ ಸದ್ದಿಗೆ ಇನ್ನೊಂದು ಕಿವಿ ಇತ್ತ. ಚರ್ಮ ನೀರಿನಂತೆ ನಡುಗುತ್ತಿತ್ತು. ಯಾರಾದರೂ ನೋಡುತ್ತಿದ್ದರೆ ಮೇವು ಮುಟ್ಟುತ್ತಿರಲಿಲ್ಲ. ಹಮೀದ್ ಮಧ್ಯಾಹ್ನ ಚಹಾ ಹಿಡಿದುಕೊಂಡು ಅವಳ ಬಾಗಿಲಿಗೆ ಬೆನ್ನು ಮಾಡಿ ಕೂರುತ್ತಿದ್ದ. ಹತ್ತನೆಯ ದಿನವೋ ಏನೋ, ಅವಳು ಬಂದು ಅವನ ಟೋಪಿ ಮೂಸಿದಳು. ಅವನು ತಿರುಗಲೂ ಇಲ್ಲ. "ಸಂಜೆ ಗಾಳಿ ಬರ್ತದೆ ಅಂತ ಹೇಳ್ತಿದ್ದಾಳೆ," ಎಂದ. ಸಂಜೆ ನಿಜಕ್ಕೂ ಧೂಳುಗಾಳಿ ಎದ್ದಿತು. ನಾನು ಅದನ್ನು ಕಾಕತಾಳೀಯವೆಂದು ತಳ್ಳಿಹಾಕಿದೆ.

ನನ್ನ ಪದ್ಧತಿ ಸರಳ. ಕುದುರೆಯನ್ನು ಪರೇಡಿನ ಸಾವಧಾನ್ ಸ್ಥಿತಿಯಲ್ಲಿ, ಅಲುಗಾಡದಂತೆ ನಿಲ್ಲಿಸುವುದು, ಗಡಿಯಾರ ನೋಡುವುದು, ಸದ್ದು ಮಾಡುವುದು. ಕದಲಿದರೆ ಗಡಿಯಾರ ಸೊನ್ನೆಯಿಂದ ಶುರು. ಮೊದಲು ಕಾಲು, ಆಮೇಲೆ ಬಾಲ, ಕೊನೆಗೆ ಕಿವಿ. ಊರ ಬೀದಿಯಲ್ಲಿ ಜನರ ನಡುವೆ ನಿಲ್ಲುವ ಕುದುರೆಗೆ ಅದು ಬೇಕೇ ಬೇಕು; ಆ ವಿದ್ಯೆಯನ್ನು ನಾನು ಈಗಲೂ ದೂರುವುದಿಲ್ಲ. ಆದರೆ ಅಲ್ಲಿ ನಮಗೆ ಕುದುರೆಗಳು ಮರಿಗಳಾಗಿ ಸಿಗುತ್ತಿದ್ದವು, ವರ್ಷಗಟ್ಟಲೆ ಸಮಯವಿತ್ತು, ಮೇಲೆ ನೋಡುವ ಹಿರಿಯರಿದ್ದರು. ಇಲ್ಲಿ ನಾನೊಬ್ಬನೇ, ಜೊತೆಗೆ ಫೆಬ್ರವರಿ ಎಂಬ ಗಡುವು.

ಸದ್ದಿನ ಜವಾಬ್ದಾರಿ ಹಮೀದನದು. ಡಬ್ಬಿಯಲ್ಲಿ ಕಲ್ಲು ಹಾಕಿ ಅಲ್ಲಾಡಿಸಿದ, ಕೊಡೆ ಫಟ್ಟನೆ ಬಿಚ್ಚಿದ, ಟಾರ್ಪಾಲು ಎಳೆದಾಡಿದ. ಡೋಲಿಗೆ ಬದಲು ತನ್ನ ದಫ್ ತಂದ. ಹರೆಯದಲ್ಲಿ ಊರಿನ ದಫ್ ತಂಡದಲ್ಲಿ ಬಾರಿಸಿದವನು. ತಲೆದೂಗುತ್ತ, ಹಾಡಿಕೊಂಡು, ಅವಳ ಸುತ್ತ ಸುತ್ತುತ್ತ ಬಾರಿಸಿದ. ಅವಳ ಕಿವಿ ತಾಳಕ್ಕೆ ತಕ್ಕಂತೆ ಹಿಂದೆ ಮುಂದೆ ಆಡಿತು.

"ನೋಡಿ ಮಾಸ್ಟ್ರೆ, ರೀಹಮ್ಮನಿಗೆ ಖುಷಿಯಾಯ್ತು!"

"ಕಿವಿ ಆಡಿತು. ಸೊನ್ನೆಯಿಂದ," ಎಂದೆ.

ಡಿಸೆಂಬರಿನ ತಂಪಿನಲ್ಲಿ ಲಾಯದಲ್ಲಿ ಕುಟುಂಬಗಳಿಗಾಗಿ ಒಂದು ದಿನ ಬಾಗಿಲು ತೆರೆದಿದ್ದರು. ಮಕ್ಕಳು ಅವಳ ಬಾಲ ಎಳೆದರು, ಹೊಟ್ಟೆಯ ಕೆಳಗೆ ನುಸುಳಿದರು. ಅವಳು ನಿಂತೇ ಇದ್ದಳು. ಬು ಸಾಲೆಮ್ ನನ್ನ ಭುಜ ತಟ್ಟಿದರು. ಆ ದಿನದ ರಿಜಿಸ್ಟರಿನಲ್ಲಿ ನಾನು ಬರೆದದ್ದು ಒಂದೇ ಪದ: "ಕದಲಲಿಲ್ಲ." ಆ ಪದ ಬರೆಯಲು ನನಗೆ ಬಹಳ ಇಷ್ಟವಾಗತೊಡಗಿತ್ತು.

ಜನವರಿಯಲ್ಲಿ ಒಂದು ಬೆಳಿಗ್ಗೆ ಮಾಲೀಸು ಮಾಡುತ್ತಿದ್ದ ಹಮೀದ್ ಕೈ ನಿಲ್ಲಿಸಿದ.

"ಮಾಸ್ಟ್ರೆ, ಒಂದು ಮಾತು ಉಂಟು."

"ಹೇಳು."

"ನೊಣ ಕೂತರೂ ಇವಳು ಈಗ ಚರ್ಮ ಆಡಿಸುದಿಲ್ಲ. ಕಣ್ಣಿನ ಮೂಲೆಯಲ್ಲಿ ಕೂತಿತ್ತು, ಹಾಗೇ ಬಿಟ್ಟಳು. ನಾನೇ ಓಡಿಸಿದ್ದು."

"ಒಳ್ಳೆಯದೇ ಆಯಿತಲ್ಲ. ನಮಗೆ ಬೇಕಾದದ್ದು ಅದೇ."

"ಇದು ಬೇರೆ ಮಾಸ್ಟ್ರೆ. ಹೆದರಿಕೆ ಹೋದದ್ದಲ್ಲ. ಹೇಳುದು ಬಿಟ್ಟಿದ್ದಾಳೆ."

"ಕುದುರೆ ಹೇಳುವುದಕ್ಕೆ ಇರುವುದಲ್ಲ, ಕೇಳುವುದಕ್ಕೆ," ಎಂದೆ. ಹಮೀದ್ ಬ್ರಷ್ ಕೊಡವಿ ಕೆಲಸ ಮುಂದುವರಿಸಿದ. ಆ ಉತ್ತರ ಕೊಟ್ಟು ನಾನು ಒಳಗೊಳಗೇ ಬೀಗಿದ್ದು ನನಗೆ ಚೆನ್ನಾಗಿ ನೆನಪಿದೆ.

ಸ್ಪರ್ಧೆಯ ಹಿಂದಿನ ದಿನ ಬು ಸಾಲೆಮ್ ಅವಳಿಗೊಂದು ಹೊಸ ಬಟ್ಟೆ ಹೊಲಿಸಿ ತಂದರು. ಜೀನಿನ ಕೆಳಗೆ ಹಾಸುವ ಕಡುಗೆಂಪು ಬಟ್ಟೆ, ಸುತ್ತಲೂ ನಾಲ್ಕು ಬೆರಳಗಲದ ಚಿನ್ನದ ಜರಿ. ಎತ್ತರದ ಕುದುರೆಯ ಅಳತೆಗೆ ಹೊಲಿದದ್ದು; ಅವಳ ಮೇಲೆ ಹಾಕಿದರೆ ಮೊಣಕಾಲಿನವರೆಗೆ ಇಳಿಯಿತು. ಹಮೀದ್ ಕತ್ತರಿಸೋಣವೆಂದ. ಯಜಮಾನರ ಉಡುಗೊರೆಗೆ ಕತ್ತರಿ ಹಾಕಲು ನನಗೆ ಮನಸ್ಸಾಗಲಿಲ್ಲ. ನಮ್ಮ ದಳದಲ್ಲಿ ಪರೇಡಿನ ಕಂಬಳಿಯನ್ನು ಮಡಿಸುವ ಒಂದು ಕ್ರಮವಿದೆ. ಹೆಚ್ಚಾದದ್ದನ್ನು ಮಧ್ಯಕ್ಕೆ ತಂದು, ಎರಡು ಮಡಿಕೆ ಹಾಕಿ, ಜೀನಿನ ಕೆಳಗೆ ಸೇರಿಸಿದರೆ ಎರಡೂ ಕಡೆಯ ಅಂಚು ಗೆರೆ ಎಳೆದಂತೆ ನಿಲ್ಲುತ್ತದೆ. ಕಣ್ಣು ಮುಚ್ಚಿಕೊಂಡು ಮಡಿಸಬಲ್ಲೆ. ಮಡಿಸಿದೆ.

ಆದರೆ ನಾವು ಮಡಿಸುತ್ತಿದ್ದದ್ದು ಉಣ್ಣೆಯ ಕಂಬಳಿ. ಇದು ಲೋಹದ ಎಳೆಯ ಜರಿ. ಮಡಿಕೆಯೊಳಗೆ ಹೋದ ಜರಿ ಅಂಚು ಸರಿಯಾಗಿ ಅವಳ ಕತ್ತು ಬೆನ್ನಿಗೆ ಸೇರುವ ದಿಬ್ಬದ ಮೇಲೆ, ಜೀನಿನ ಒತ್ತಡವೆಲ್ಲ ಬೀಳುವ ಜಾಗದಲ್ಲಿ ಕೂತಿತ್ತು.

ಮರುದಿನ ಮಧ್ಯಾಹ್ನ ಮೈದಾನದ ಹಿಂದೆ ನಾನು ಬಟ್ಟೆ ಹಾಸಿದೆ, ಹಮೀದ್ ಜೀನು ಇಟ್ಟು ಪಟ್ಟಿ ಬಿಗಿದ. ನಾನು ಸುತ್ತು ಹಾಕಿ ತಪಾಸಣೆ ಮಾಡಿದೆ. ಅಂಚು ನೇರವಾಗಿತ್ತು. ಮೂರು ಗಂಟೆ ಹದಿನೆಂಟು ನಿಮಿಷ. ಮೂರೂವರೆಗೆ ನಮ್ಮ ಸರದಿ.

"ಮಾಸ್ಟ್ರೆ, ಒಮ್ಮೆ ಬಿಚ್ಚಿ ನೋಡುವ," ಎಂದ ಹಮೀದ್.

"ಯಾಕೆ?"

"ಮೂಗಿನ ಹೊಳ್ಳೆ ನೋಡಿ. ಬಿಗಿ ಹಿಡಿದಿದ್ದಾಳೆ. ಕಣ್ಣಿನ ಮೇಲೆ ಸುಕ್ಕು ಬಿದ್ದಿದೆ. ಪಟ್ಟಿ ಎಳೆದ ಮೇಲೆ ಬಂದದ್ದು."

"ಜನ ನೋಡಿ ಹಾಗಾಗಿರುತ್ತೆ."

"ಜನರಿಗಲ್ಲ. ಎಂತದೋ ಚುಚ್ತಾ ಉಂಟು. ಆ ಮಡಿಕೆ ಕೈಗೆ ಗಟ್ಟಿ ಸಿಗ್ತದೆ. ಎರಡು ನಿಮಿಷದ ಕೆಲಸ ಮಾಸ್ಟ್ರೆ."

"ತಪಾಸಣೆ ಆದಮೇಲೆ ಜೀನು ಮುಟ್ಟುವ ಹಾಗಿಲ್ಲ. ಗೊತ್ತಲ್ಲ ನಿನಗೆ?"

ಗೊತ್ತಿತ್ತು ಅವನಿಗೆ. ಆ ನಿಯಮ ಕಲಿಸಿದವನೇ ನಾನು. ಅವನ ಕೈ ಜೀನಿನ ಪಟ್ಟಿಯವರೆಗೆ ಹೋಗಿ ಹಿಂದೆ ಬಂತು. ನಾನು ರಿಕಾಬಿಗೆ ಕಾಲು ಕೊಟ್ಟು ಹತ್ತಿ ಕೂತೆ. ಹನ್ನೆರಡು ನಿಮಿಷ ಇತ್ತು. ಬಿಚ್ಚಿ, ನೋಡಿ, ಮತ್ತೆ ಬಿಗಿಯಲು ನನಗೆ ನಾಲ್ಕು ನಿಮಿಷ ಸಾಕಿತ್ತು. ಆ ಲೆಕ್ಕ ನನಗೆ ಅವತ್ತೂ ಗೊತ್ತಿತ್ತು.

ಅವಳು ಹಾಳೆಯ ಮೇಲೆ ನಡೆದಳು. ಬಾವುಟಗಳ ನಡುವೆ ನಡೆದಳು. ಡೋಲಿನವರು ಪಕ್ಕದಲ್ಲೇ ಬಾರಿಸಿದರು, ಬಲೂನುಗಳು ಒಡೆದವು. ಕೊನೆಯ ಹತ್ತು ನಿಮಿಷ ಬಿಸಿಲಿನಲ್ಲಿ ಮೈದಾನದ ಮಧ್ಯೆ ನಿಂತಳು. ನನ್ನ ಎಪ್ಪತ್ತೆರಡು ಕಿಲೋ ತೂಕ ಆ ಮಡಿಕೆಯ ಮೇಲಿತ್ತು. ಕಾಲು ಆಡಲಿಲ್ಲ, ಬಾಲ ಆಡಲಿಲ್ಲ, ಕಿವಿಯೂ ಆಡಲಿಲ್ಲ. ಇಡೀ ಮೈದಾನ ಎದ್ದು ಚಪ್ಪಾಳೆ ತಟ್ಟಿತು. ನಿಲ್ಲುವುದಕ್ಕೆ ಪೂರ್ತಿ ಅಂಕ, ಒಟ್ಟಿನಲ್ಲಿ ಎರಡನೆಯ ಸ್ಥಾನ. ಬಹುಮಾನ ಕೊಡುವವರು ಬರಲು ತಡವಾಯಿತು. ನಾನು ಇಳಿಯಲಿಲ್ಲ. ಆ ಫೋಟೊ ಆಗಿನದು.

ಹಿಂದಕ್ಕೆ ಬಂದು ಜೀನು ತೆಗೆದೆವು. ಬಟ್ಟೆ ಬರಲಿಲ್ಲ. ಮೈಗೆ ಅಂಟಿಕೊಂಡಿತ್ತು. ಹಮೀದ್ ಬಾಯಲ್ಲಿ ಏನೋ ಪ್ರಾರ್ಥನೆ ಹೇಳಿಕೊಳ್ಳುತ್ತ ಉಗುರುಬೆಚ್ಚಗಿನ ನೀರು ಹೊಯ್ದು ಹೊಯ್ದು ಬಿಡಿಸಿದ. ಅಂಗೈ ಉದ್ದದ ಎರಡು ಗಾಯ, ಜರಿಯ ಬಳ್ಳಿಯ ಅಚ್ಚು ಅದರಲ್ಲಿ ಮೂಡಿತ್ತು. ಬಿಡಿಸುವಾಗಲೂ ಅವಳು ಸಾವಧಾನ್ ಸ್ಥಿತಿಯಲ್ಲೇ ನಿಂತಿದ್ದಳು. ಪಶುವೈದ್ಯರು ಬಂದು ನೋಡಿ ತಲೆ ಆಡಿಸಿದರು. "ಇಷ್ಟು ಗಾಯವಾದರೆ ಯಾವ ಕುದುರೆಯಾದರೂ ಸವಾರನನ್ನು ಎಸೆಯುತ್ತದೆ. ಇದು ಯಾಕೆ ಸುಮ್ಮನಿತ್ತು?" ನನ್ನನ್ನೇ ಕೇಳಿದರು.

ಬು ಸಾಲೆಮರ ಮುಖ ಕೆಂಪಾಗಿತ್ತು. "ಜೀನು ಹಾಕಿದ್ದು ಯಾರು?"

ನಾನು ಬೆನ್ನು ನೆಟ್ಟಗೆ ಮಾಡಿ ಹೇಳಿದೆ: "ರಿಜಿಸ್ಟರ್ ಪ್ರಕಾರ, ಹಮೀದ್."

ಸುಳ್ಳಲ್ಲ. ಜೀನಿನ ಸಾಲಿನಲ್ಲಿ ಅವನ ಹೆಸರೇ ಇತ್ತು. ಮಡಿಕೆಗೆ ರಿಜಿಸ್ಟರಿನಲ್ಲಿ ಸಾಲಿಲ್ಲ. ಹಮೀದ್ ನನ್ನ ಕಡೆ ನೋಡಲಿಲ್ಲ. ಬಕೆಟಿನ ನೀರು ಚೆಲ್ಲಿ, ಬಕೆಟ್ ಬೋರಲು ಹಾಕಿದ. ಮರುದಿನ ಅವನನ್ನು ಮತ್ತೆ ಮೇವಿನ ಲಾರಿಗೆ ಕಳಿಸಿದರು.

ಗಾಯ ತೊಳೆಯುವ ಕೆಲಸ ನಾನೇ ವಹಿಸಿಕೊಂಡೆ. ದಿನಕ್ಕೆರಡು ಸಲ ಉಪ್ಪುನೀರು, ಮುಲಾಮು. ಕುದುರೆ ಹಸಿ ಗಾಯ ಮುಟ್ಟಗೊಡುವುದಿಲ್ಲ. ಕಿವಿ ಒರಗಿಸುತ್ತದೆ, ಕಾಲು ಎತ್ತುತ್ತದೆ, ಕಚ್ಚಲು ಬರುತ್ತದೆ. ಅವಳು ಏನೂ ಮಾಡಲಿಲ್ಲ. ಗೋಡೆ ನೋಡುತ್ತ ನಿಲ್ಲುತ್ತಿದ್ದಳು. ನಾನು ಬೇಕೆಂದೇ ಗಾಯದ ಅಂಚಿನಲ್ಲಿ ಬೆರಳೊತ್ತಿದೆ, ಒಮ್ಮೆ ಕದಲಲಿ ಎಂದು. "ಕದಲಮ್ಮ," ಎಂದೂ ಹೇಳಿದೆ, ಅಕ್ಕಪಕ್ಕ ಯಾರೂ ಇಲ್ಲದಾಗ. ಕದಲಲಿಲ್ಲ. ನೋವು ಅವಳಿಗೆ ಇಲ್ಲದಿರಲಿಲ್ಲ, ಬೆರಳ ಕೆಳಗೆ ಮಾಂಸ ಬಿಗಿಯುವುದು ತಿಳಿಯುತ್ತಿತ್ತು. ಕದಲಿದರೆ ಮತ್ತೆ ಸೊನ್ನೆಯಿಂದ ಎಂದು ತಡೆದುಕೊಳ್ಳುತ್ತಿದ್ದಳು, ಅಷ್ಟೇ.

ಹನ್ನೊಂದು ದಿನ ಹೀಗೆ ಕಳೆದೆ. ಹನ್ನೆರಡನೆಯ ದಿನ ಬೆಳಿಗ್ಗೆ ಬು ಸಾಲೆಮರ ಎದುರು ಹೋಗಿ ನಿಂತು, ಮಡಿಸಿದ್ದು ನಾನು, ಬಿಚ್ಚಿ ನೋಡೋಣ ಎಂದದ್ದು ಹಮೀದ್, ಬೇಡ ಎಂದದ್ದು ನಾನು ಎಂದೆ. ಅವರು ಕಾಫಿಯ ಬಟ್ಟಲು ಕೆಳಗಿಟ್ಟರು.

"ಖಲಾಸ್ ಉಸ್ತಾದ್. ನನಗೆ ಹೇಳಿದಿರಿ, ಸರಿ. ಹಮೀದನಿಗೆ ಹೇಳಿದಿರಾ?"

ಹೇಳಿರಲಿಲ್ಲ. ಯಜಮಾನರ ಮುಂದೆ ತಪ್ಪೊಪ್ಪಿಕೊಳ್ಳುವುದು ನನಗೆ ಅಭ್ಯಾಸವಿತ್ತು, ಅದಕ್ಕೊಂದು ಕ್ರಮವಿದೆ, ಸೆಲ್ಯೂಟ್ ಇದೆ. ಕೈಕೆಳಗಿನವನ ಮುಂದೆ ಹೇಗೆ ನಿಲ್ಲಬೇಕೆಂದು ನನಗೆ ಯಾರೂ ಕಲಿಸಿರಲಿಲ್ಲ.

ಶುಕ್ರವಾರ ನಮಾಜು ಮುಗಿದ ಮೇಲೆ ಅವನ ರೂಮಿಗೆ ಹೋದೆ. ಅವನು ಲುಂಗಿಯುಟ್ಟು ಕಿಟಕಿಯ ಹತ್ತಿರ ಈರುಳ್ಳಿ ಹೆಚ್ಚುತ್ತಿದ್ದ. ನನ್ನನ್ನು ನೋಡಿ ಎದ್ದು ನಿಂತ.

"ಎಂತ ಮಾಸ್ಟ್ರೆ, ಇಷ್ಟು ದೂರ? ಬನ್ನಿ, ಬನ್ನಿ. ಅವಳಿಗೆ ಎಂತ ಆಯ್ತು?"

"ಅವಳಿಗೆ ಏನೂ ಆಗಿಲ್ಲ. ಗಾಯ ಒಣಗ್ತಿದೆ." ಬಾಗಿಲಲ್ಲಿ ಬೆನ್ನು ನೆಟ್ಟಗೆ ಮಾಡಿ ನಿಂತೇ ಇದ್ದೆ.

"ಕೂತ್ಕೊಳ್ಳಿ ಮಾರಾಯ್ರೆ, ಇಲ್ಲಿ ಪರೇಡ್ ಇಲ್ಲ."

ಕೂತೆ. "ನಿನ್ನ ಹೆಸರು ಹೇಳಬಾರದಿತ್ತು ಹಮೀದ್. ತಪ್ಪು ನನ್ನದು. ನೀನು ಆವತ್ತೇ ಯಾಕೆ ಹೇಳಲಿಲ್ಲ, ಮಡಿಸಿದ್ದು ನಾನು ಅಂತ?"

ಅವನು ಹೆಚ್ಚಿದ ಈರುಳ್ಳಿಯನ್ನು ಚಾಕುವಿನಿಂದ ಒಂದು ಕಡೆ ಸರಿಸಿದ. "ಅವಳು ಯಾಕೆ ಹೇಳಲಿಲ್ಲ ಮಾಸ್ಟ್ರೆ? ನಿಮ್ಮ ಸ್ಕೂಲಿನಲ್ಲಿ ಅವಳೊಬ್ಬಳೇ ಪಾಸಾದದ್ದಲ್ಲ. ನಾನೂ ಪಾಸು." ನಕ್ಕ. ನಗು ಬೇಗ ನಿಂತಿತು. "ನನ್ನ ಕೈ ಪಟ್ಟಿಯ ಹತ್ತಿರ ಹೋಗಿತ್ತು. ನಿಮ್ಮ ಮುಖ ನೋಡಿ ಹಿಂದೆ ತಕೊಂಡೆ. ಅದು ನನಗೆ ಈಗಲೂ ನಿದ್ದೆ ಮಾಡ್ಲಿಕ್ಕೆ ಬಿಡುದಿಲ್ಲ. ನೀವು ಮಾಫಿ ಕೇಳುದಾದ್ರೆ ಅಲ್ಲಿ ಹೋಗಿ ಕೇಳಿ. ನನ್ನ ಹತ್ತಿರ ಎಂತ ಉಂಟು?"

ಬು ಸಾಲೆಮ್ ಅವನನ್ನು ವಾಪಸು ಕರೆಸಿಕೊಂಡರು. ಹದಿನಾಲ್ಕನೆಯ ಕೋಣೆ ಪೂರ್ತಿ ಅವನ ವಶಕ್ಕೆ ಬಂತು. ಅವಳನ್ನು ಇನ್ನು ಯಾವ ಸ್ಪರ್ಧೆಗೂ ಕಳಿಸುವುದಿಲ್ಲವೆಂದು ಅವರೇ ಹೇಳಿದರು. ಹಮೀದ್ ನನ್ನಲ್ಲಿ ಕೇಳಿದ್ದು ಒಂದೇ: ಆ ಕೋಣೆಯ ಹತ್ತಿರ ಸೀಟಿ ಊದಬಾರದು. ಊದಲಿಲ್ಲ.

ಅವನ ಚಿಕಿತ್ಸೆ ವಿಚಿತ್ರವಾಗಿತ್ತು. ಬ್ರಷ್ ಹಿಡಿದು ಹತ್ತಿರ ಹೋಗುವುದು, ಅವಳ ಮೈ ಒಂದು ಕೂದಲಿನಷ್ಟು ಬಿಗಿದರೂ ನಿಲ್ಲಿಸಿ, "ಬೇಡವಾ? ಆಯ್ತು ಬೇಡ," ಎಂದು ಹೊರಗೆ ಬಂದುಬಿಡುವುದು. ಒಂದು ಮಾಲೀಸಿಗೆ ಮೂರು ದಿನ ಹಿಡಿಯುತ್ತಿತ್ತು. ನನ್ನ ಕಾಲದ ಲೆಕ್ಕದಲ್ಲಿ ಅದು ಕೆಲಸವೇ ಅಲ್ಲ. ನಾನು ದೂರದಿಂದ ನೋಡುತ್ತಿದ್ದೆ, ಬಾಯಿ ಮುಚ್ಚಿಕೊಂಡು. ಮಾರ್ಚ್ ಹೋಯಿತು. ಗಾಯದ ಜಾಗದಲ್ಲಿ ಬಿಳಿ ಕೂದಲು ಬಂತು. ಜೀನು ಕಡಿದ ಜಾಗದಲ್ಲಿ ಕೂದಲು ಹಳೆಯ ಬಣ್ಣಕ್ಕೆ ಮರಳುವುದಿಲ್ಲ. ಏಪ್ರಿಲ್ ಹೊತ್ತಿಗೆ ಬಿಸಿಲು ಏರಿ, ಲಾಯದ ದೊಡ್ಡ ಫ್ಯಾನುಗಳು ತಿರುಗತೊಡಗಿದವು. ಒಂದು ನೊಣ ಕೂತಾಗ ಅವಳ ಭುಜ ನಡುಗಿತೆಂದು ಹಮೀದ್ ಓಡಿಬಂದು ಹೇಳಿದ. ನಾನು ಹೋಗುವಷ್ಟರಲ್ಲಿ ಮತ್ತೆ ಕಲ್ಲಿನಂತೆ ನಿಂತಿದ್ದಳು.

"ನಿಮ್ಮ ಬೂಟಿನ ಸದ್ದಿಗೆ," ಎಂದ ಹಮೀದ್, ನೆಲ ನೋಡುತ್ತ.

ಮರುದಿನದಿಂದ ಆ ಸಾಲಿನಲ್ಲಿ ಬರಿಗಾಲಿನಲ್ಲೇ ಓಡಾಡಿದೆ. ಅಂಗಾಲಿಗೆ ಹೊಟ್ಟು ಅಂಟುತ್ತಿತ್ತು.

ಮೇ ತಿಂಗಳ ಒಂದು ಮಧ್ಯಾಹ್ನ ಅವಳ ಬಾಗಿಲ ಮುಂದೆ ಹೋಗಿ ನಿಂತೆ. ಹಮೀದ್ ಒಳಗೆ ಮೇವು ಹಾಕುತ್ತಿದ್ದ. ಅವಳು ತಲೆ ಎತ್ತಿ ನನ್ನನ್ನು ನೋಡಿದಳು. ನಿಧಾನವಾಗಿ ಎರಡೂ ಕಿವಿಗಳನ್ನು ಹಿಂದಕ್ಕೆ ಒರಗಿಸಿ ತಲೆಗೆ ಅಂಟಿಸಿದಳು, ಮೂತಿ ಮುಂದೆ ಚಾಚಿ ಹಲ್ಲು ತೋರಿಸಿದಳು. ನವೆಂಬರಿನ ನಂತರ ಅವಳು ನನಗೆ ಹೇಳಿದ ಮೊದಲ ಮಾತು ಅದು.

ಹಮೀದ್ ಅವಳನ್ನೂ ನೋಡಿದ, ನನ್ನನ್ನೂ ನೋಡಿದ. "ಹೇಳಿದಳು ಮಾಸ್ಟ್ರೆ," ಎಂದ ಮೆತ್ತಗೆ. "ನಿಮ್ಮನ್ನು ಕಂಡರೆ ಆಗುದಿಲ್ಲಂತೆ."

"ಕೇಳಿಸಿತು," ಎಂದೆ.

ಎರಡು ಹೆಜ್ಜೆ ಹಿಂದೆ ಸರಿದೆ. ಅವಳ ಕಿವಿ ಇನ್ನೂ ಒರಗಿಯೇ ಇತ್ತು. ಇನ್ನೂ ಎರಡು ಹೆಜ್ಜೆ ಸರಿದೆ. ನನ್ನ ಬೆನ್ನು ಎದುರಿನ ಗೋಡೆಗೆ ತಾಗಿದಾಗ ಅವಳು ಕಿವಿ ಸಡಿಲಿಸಿ, ತಲೆ ತಗ್ಗಿಸಿ, ನಾನು ನೋಡುತ್ತಿದ್ದಂತೆಯೇ ಮೇವಿಗೆ ಬಾಯಿ ಹಾಕಿದಳು.